ದೇವರಿಲ್ಲದ ಉಪವಾಸ

ನಮ್ಮ ಸೋದರತ್ತೆಗೂ ಹೊಟ್ಟೆಯೆಂಬ ಅಂಗವಿದೆ ಎಂದು ಡಾಕ್ಟರರು ಹೇಳುತ್ತಾರೆ. ನಮ್ಮ ಮನೆತನದಲ್ಲಿ ಯಾರೂ ಅದನ್ನು ನಂಬುವುದಿಲ್ಲ! ದೇವರು ಹೊಟ್ಟೆ ಹಂಚುವಾಗ ಏನೋ ಗಡಿಬಿಡಿಯಾಗಿ ಆಕೆಯದೂ ನನಗೇ ಬಂತು ಎಂಬುದು ಹಿರಿಯರ ಅಭಿಪ್ರಾಯ. ನನ್ನನ್ನು ಎದುರಿನಿಂದ ನೋಡಿದವರು ಇದನ್ನು ಒಪ್ಪುತ್ತಾರೆ. ಬಾಜೂಕಿನಿಂದ ನೋಡಿದವರಂತೂ ಸಾಕ್ಷಿ ಹೇಳಲಿಕ್ಕೂ ತಯಾರಿದ್ದಾರೆ.

ಆಕೆಯ ಊರಾದ ಮೊರಬದಲ್ಲಿ ಆಕೆಯ ಉಪವಾಸಗಳು ಬಲು ಪ್ರಸಿದ್ಧ. ಸೋಮವಾರ ಈಶ್ವರನದು, ಮಂಗಳವಾರ ದ್ಯಾಮವ್ವನದು, ಗುರುವಾರ ಮಠದ್ದು, ಶನಿವಾರ ಹಣಮಪ್ಪನದು. ರಮಜಾನ್ ಬಂದರೆ ಬಾಜೂ ಮನೆಯ ಖಾಲಾನ ಜೊತೆ ಒಂದು ರೋಜಾ. ಖಾಲಾ ಎಂದರೆ ಆಕೆಯ ಹಳೆಯ ಗೆಳತಿ; ಇಬ್ಬರ ಹಿತ್ತಿಲಿಗೂ ಒಂದೇ ಗೋಡೆ. "ಅಲ್ಲಬೇ ಅತ್ತಿ, ರೋಜಾನೂ ಯಾಕ?" ಎಂದರೆ, "ಆ ದೇವ್ರ ನಮಗೇನ ಕೆಟ್ಟ ಮಾಡ್ಯಾನ?" ಎನ್ನುತ್ತಾಳೆ. ಸಾಬೂದಾಣಿ ಖಿಚಡಿ, ಶೇಂಗಾದ ಉಂಡಿ, ಬಾಳೆಹಣ್ಣು ಎಂದು ಊಟಕ್ಕಿಂತ ಭಾರಿಯಾದ ಫಳಾರ ಹೊಡೆಯುವ ಕಳ್ಳದಾರಿ ಆಕೆಗೆ ಗೊತ್ತೇ ಇಲ್ಲ. ನಾಲ್ಕು ಕಪ್ಪು ಚಹಾ, ಅಷ್ಟೇ. ನನ್ನ ಹತ್ತನೇ ಇಯತ್ತೆಯ ಪರೀಕ್ಷೆಗೂ ಪೇಪರಿಗೊಂದರಂತೆ ಉಪವಾಸ ಮಾಡಿದ್ದಳು. ಗಣಿತದ ದಿನ ಮಾತ್ರ ಜ್ವರ ಬಂದು ಎರಡು ಗುಟುಕು ಗಂಜಿ ಕುಡಿದಳಂತೆ. ಮೂವತ್ತೈದು ಬಂತು!

ಇನ್ನು ನನ್ನ ಕಥೆ. ಕುಂದಗೋಳದ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ಕೂತು ಮಾಡುವ ಕೆಲಸ. ಕೂಡುವುದರಲ್ಲಿ ನನ್ನನ್ನು ಮೀರಿಸುವವರು ತಾಲೂಕಿನಲ್ಲಿಲ್ಲ. ಒಂದು ದಿನ ಶರ್ಟಿನ ಗುಂಡಿ ಹಾರಿ ಎದುರಿಗೆ ಕೂತವರ ಚಹಾದ ಕಪ್ಪಿಗೆ ಬಿತ್ತು. ಅಂದೇ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಅಂಗಡಿಗೆ ಹೋಗಿ ಚೀಲ ತೂಗುವ ಕಾಟಾದ ಮೇಲೆ ನಿಂತೆ. ತೊಂಬತ್ತೆಂಟು ಕಿಲೋ! ವ್ಯಾಪಾರಿ ಕನ್ನಡಕದ ಮೇಲಿನಿಂದ ನೋಡಿ, "ಸಾಹೇಬ್ರ, ಇದರಾಗ ಚೀಲದ ತೂಕ ಕಳೀಬೇಕೇನ್ರಿ?" ಎಂದು ಕೇಳಿದ.

ಅವಮಾನಕ್ಕೆ ಔಷಧ ಮೊಬೈಲಿನಲ್ಲಿ ಸಿಕ್ಕಿತು. ತೆಳ್ಳಗಿನ ಗೃಹಸ್ಥನೊಬ್ಬ ದಿನವೂ ಬಂದು ಉಪವಾಸದ ಮಹಿಮೆ ಹೇಳುತ್ತಿದ್ದ. ಮೊದಲು ಹದಿನಾರು ತಾಸಿನ ಉಪವಾಸ: ಹದಿನಾರು ತಾಸು ಏನೂ ತಿನ್ನಬಾರದು, ಉಳಿದ ಎಂಟು ತಾಸಿನಲ್ಲಿ ತಿನ್ನಬಹುದು. ನಾನು ಶಿಸ್ತಿನ ಮನುಷ್ಯ. ಎಂಟು ತಾಸೂ ತಿಂದೆ! ತಿಂಗಳ ಕೊನೆಗೆ ಒಂದೂವರೆ ಕಿಲೋ ಏರಿತ್ತು. ಇದು ನನ್ನಂಥ ಘನವ್ಯಕ್ತಿಗಲ್ಲ ಎಂದು ನಿರ್ಧರಿಸಿ, ಮೂರು ದಿನ ಬರೀ ನೀರು ಕುಡಿಯುವ ದೀರ್ಘ ಉಪವಾಸಕ್ಕೆ ಕೈಹಾಕಿದೆ. ಇದರ ಲಾಭವೇನೆಂದರೆ ಬುದ್ಧಿ ಬಹಳ ಚುರುಕಾಗುತ್ತದೆಯಂತೆ. ನಿಜವೇ. ಮೂರನೇ ಮನೆಯಲ್ಲಿ ಯಾವ ಒಗ್ಗರಣೆ ಬಿತ್ತು ಎಂಬುದು ಕೂತಲ್ಲೇ ತಿಳಿಯುತ್ತಿತ್ತು. ನಷ್ಟವೇನೆಂದರೆ ಸಿಟ್ಟು. ಹಸಿದ ನನ್ನ ಬಾಯಿಂದ ಬಂದ ಮಾತುಗಳನ್ನು ಹೆಂಡತಿ ಇನ್ನೂ ಮರೆತಿಲ್ಲ, ಮರೆಯುವ ಲಕ್ಷಣವೂ ಇಲ್ಲ.

ಇಂಥದೊಂದು ಮೂರು ದಿನದ ವ್ರತವನ್ನು ರವಿವಾರ ರಾತ್ರಿಯಿಂದ ಶುರುಮಾಡಿದ್ದೆ. ಸೋಮವಾರ ಬೆಳಿಗ್ಗೆ ಅತ್ತೆಯ ಮಗನ ಫೋನು ಬಂತು. ಅತ್ತೆಗೆ ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ ಹಸಿದುಕೊಂಡಿದ್ದವಳು ಮೊನ್ನೆ ಶನಿವಾರ ಹಿಟ್ಟಿನ ಗಿರಣಿಯ ಮುಂದೆ ಬಿದ್ದುಬಿಟ್ಟಿದ್ದಳು. ಗಿರಣಿಯವನು ಬಾಯಿಗೆ ಸಕ್ಕರೆ ಹಾಕಿದ. ಎಚ್ಚರವಾದದ್ದೇ ತಡ, "ಇವತ್ತ ನಂದು ಶನಿವಾರೋ ಯಪ್ಪಾ!" ಎಂದು ಉಗುಳಿದಳಂತೆ.

"ಡಾಕ್ಟರ್ ಬೈದು ಕಳಿಸ್ಯಾರೋ. ಇನ್ನೊಮ್ಮೆ ಹಿಂಗಾದ್ರ ಏಳೂದುಲ್ಲ ಅಂದಾರ. ನಮ್ಮ ಮಾತ ಕೇಳಾಕ ಒಲ್ಲಳು. ನೀ ಅಂದ್ರ ಜೀವಾ ಆಕಿಗೆ. ಬಂದು ಉಪಾಸ ಬಿಡಸು."

ನಾನು ಚೀಲ ಹಿಡಿದು ಹೊರಟೆ. ಹೆಂಡತಿ ಬಾಗಿಲಲ್ಲಿ ನಿಂತು ಹಣೆ ಬಡಿದುಕೊಂಡಳು. "ಉಪಾಸ ಬಿಡಸಾಕ ಉಪಾಸ ಹೊಂಟಾರ ನೋಡ್ರಿ!"

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ಮಿರ್ಚಿ ಭಜಿಯ ಗಾಡಿಯ ಎದುರು ನಾನು ನಡೆಸಿದ ಹೋರಾಟವನ್ನು ಇಲ್ಲಿ ಬಣ್ಣಿಸುವುದಿಲ್ಲ. ಗೆದ್ದೆ. ಆದರೆ ಮೊರಬದಲ್ಲಿ ಇಳಿಯುವಾಗ ಮಾತ್ರ ಕಂಡಕ್ಟರನ ಹೆಗಲು ಬೇಕಾಯಿತು.

ಮಗ ಸೊಸೆ ಇಬ್ಬರೂ ಕಡಲೆ ಕೀಳಲು ಹೊಲಕ್ಕೆ ಹೋಗಿದ್ದರು. ನಾನು ಕಾಲು ತೊಳೆಯುವಷ್ಟರಲ್ಲಿ ಅತ್ತೆ ತಾಟು ಹಚ್ಚಿಯೇಬಿಟ್ಟಳು: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಕೆನೆಮೊಸರು. ಆಕೆಯ ಮುಖ ಬಿಳಿಚಿಕೊಂಡಿತ್ತು.

"ಬ್ಯಾಡತ್ತಿ. ನಂದು ಉಪಾಸ."

"ನಿಂದು?" ಆಕೆ ನನಗೆ ಬೀಸುತ್ತಿದ್ದ ಬೀಸಣಿಗೆ ಕೆಳಗಿಟ್ಟಳು. "ಯಾವ ದೇವ್ರದು?"

"ದೇವ್ರದಲ್ಲ. ಹೊಟ್ಟಿ ಇಳಸಾಕ."

"ದೇವ್ರಿಲ್ಲದ ಉಪಾಸಕ್ಕ ನಮ್ಮ ಕಾಲಕ್ಕ ಬ್ಯಾರೇ ಹೆಸರಿತ್ತು."

"ಏನಂತಿದ್ರಿ?"

"ಬಡತನ ಅಂತಿದ್ವಿ."

ನಾನು ಹೊಟ್ಟೆ ಕುಣಿಸಿ ನಕ್ಕೆ. ಆಕೆ ನಗಲಿಲ್ಲ.

ಆಮೇಲೆ ನಮ್ಮಿಬ್ಬರ ವಾದ ಶುರುವಾಯಿತು. ನಾನು ಡಾಕ್ಟರರ ಮಾತು ಹೇಳಿದೆ, ಗುಳಿಗೆ ನುಂಗಿ ಉಪವಾಸವಿದ್ದರೆ ಜೀವಕ್ಕೇ ಅಪಾಯ ಎಂದೆ. "ಹಂಗಾರ ಉಪಾಸದ ದಿನಾ ಗುಳಿಗಿನೂ ಬಿಡ್ತೀನಿ ತಗೋ!" ಎಂದಳು. ಅದು ಇನ್ನೂ ಕೆಟ್ಟದ್ದು ಎಂದೆ. "ನೀ ಉಣ್ಣು ಮೊದಲ" ಎಂದಳು. ನೀನು ಉಂಡರೆ ನಾನು ಉಣ್ಣುತ್ತೇನೆ ಎಂದೆ. ಇಬ್ಬರು ಉಪವಾಸಿಗಳ ನಡುವೆ ಎಣ್ಣೆಗಾಯಿ ಆರುತ್ತಿತ್ತು. ನನ್ನ ಕಣ್ಣು ಬದನೆಕಾಯಿಯ ಮೇಲೆ, ಬಾಯಿ ಮಾತ್ರ ಆರೋಗ್ಯಶಾಸ್ತ್ರದ ಮೇಲೆ!

ಅಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಖಾಲಾ ಬಂದಳು. ನಮ್ಮ ಗದ್ದಲ ಅವಳ ಮನೆಯವರೆಗೂ ಕೇಳಿಸಿತ್ತು.

"ನೀವರ ಹೇಳ್ರಿ ಖಾಲಾ" ಎಂದೆ.

"ಹೇಳಿ ಹೇಳಿ ಸಾಕಾತ. ನಮ್ಮಾಗ ಜಡ್ಡ ಇದ್ದವರಿಗೆ ರೋಜಾ ಮಾಫ್ ಐತಿ ಅಂದ್ನಿ. ನಿಮ್ಮ ದೇವ್ರ ಚಲೋ ಅದಾನ, ನಮ್ಮ ದೇವ್ರ ಭಾಳ ಕಟ್ಟುನಿಟ್ಟ ಅಂತಾಳ." ಖಾಲಾ ಅತ್ತೆಯ ಕಡೆ ತಿರುಗಿದಳು. "ಸುಮ್ಮ ಸುಮ್ಮನ ದೇವ್ರ ಮ್ಯಾಲ ಯಾಕ ಹಾಕ್ತಿ ಅಕ್ಕಾ? ಖರೇ ಏನೈತಿ, ಈ ಹುಡುಗಗ ಹೇಳು."

ನಲವತ್ತೆಂಟು ವರ್ಷದ, ಸುಮಾರು ನೂರು ಕಿಲೋದ ಹುಡುಗ ನಾನು ಅತ್ತೆಯ ಮುಖ ನೋಡಿದೆ. ಆಕೆ ಸೆರಗಿನ ತುದಿ ಸುತ್ತತೊಡಗಿದಳು.

ನಮ್ಮೂರಲ್ಲಿ ಆಗ ಹೈಸ್ಕೂಲು ಇರಲಿಲ್ಲ. ಹಾಗಾಗಿ ಮೂರು ವರ್ಷ ನಾನು ಈ ಮನೆಯಲ್ಲೇ ಇದ್ದು ಓದಿದೆ. ಅದೇ ಕಾಲಕ್ಕೆ ಮಾವ ಚಕ್ಕಡಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದ. ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಆಕೆ ಅವತ್ತು ಹೇಳಿದಳು.

"ಜ್ವಾಳ ಸಾಲ್ತಿದ್ದಿಲ್ಲೋ. ನೀ ಕುಂತಲ್ಲೇ ಆರ ರೊಟ್ಟಿ ತಿಂತಿದ್ದಿ. ಸಾಲೂದುಲ್ಲ ಅಂದ್ರ ನೀ ತಾಟು ಬಿಟ್ಟ ಏಳಾವ. ನಿಮ್ಮಪ್ಪಗ ಗೊತ್ತಾದ್ರ ಸಾಲಿ ಬಿಡಿಸಿ ಕರಕೊಂಡ ಹೋಗಾವ. ಅದಕ್ಕ ಒಂದಿನಾ, ಇವತ್ತ ನಂದು ಸೋಮವಾರ, ನೀವ ಉಣ್ರಿ ಅಂದ್ನಿ. ಆಮ್ಯಾಲ ಮಂಗಳವಾರನೂ ಅಂದ್ನಿ."

"ಅದು ಆಗ ಅತ್ತಿ. ಈಗ ಮನಿತುಂಬ ಜ್ವಾಳ ಅದಾವಲ್ಲ?"

"ಅದಾವು. ಆದ್ರ ದೇವ್ರ ಹೆಸರ ಮ್ಯಾಲ ಸುಳ್ಳ ಹೇಳೇನಲ್ಲೋ ತಮ್ಮಾ! ರೊಟ್ಟಿ ಇದ್ದಿದ್ದಿಲ್ಲ, ಅಂವನ ಸಲುವಾಗಿ ಬಿಟ್ಟೇನಿ ಅಂದ್ನಿ. ರೊಟ್ಟಿ ಬಂದ ಕೂಡ್ಲೇ ಉಂಡಬಿಟ್ರ ಅಂವಾ ಏನ ಅನಬೇಕ? ಅದಕ್ಕ, ರೊಟ್ಟಿ ಇಟಗೊಂಡು ಖರೇನ ಮಾಡಾಕತ್ತೇನಿ."

ಆ ಮೂರು ವರ್ಷಗಳಲ್ಲಿ ನಾನು ತಿಂದ ರೊಟ್ಟಿಯ ರುಚಿ, ಅದರ ಮೇಲಿನ ಎಳ್ಳು, ಎಲ್ಲವೂ ನೆನಪಿದೆ. ಆಕೆ ಉಂಡಳೋ ಇಲ್ಲವೋ ಎಂದು ಒಂದು ದಿನವಾದರೂ ಕೇಳಿದ್ದು ಮಾತ್ರ ನೆನಪಿಲ್ಲ. ಕೇಳಿಯೇ ಇರಲಿಲ್ಲ. ನಾಚಿಕೆಯಿಂದ ನೆಲಕ್ಕಿಳಿದುಹೋದೆ.

ಖಾಲಾ ಮಾತ್ರ ನೆಟ್ಟಗೆ ವಿಷಯಕ್ಕೆ ಬಂದಳು. "ಉಂಡಾವ ಇಂವಾ, ಉಪಾಸ ನೀನಾ? ಇದ್ಯಾವ ನ್ಯಾಯಲೇ ಅಕ್ಕಾ?"

"ಹೌದತ್ತಿ" ಎಂದೆ. "ಆ ರೊಟ್ಟಿ ನಾ ತಿಂದೇನಿ. ನಿನ್ನ ವಾರಾ ಎಲ್ಲಾ ನನಗ ಕೊಟ್ಟಬಿಡು. ಅಂವಗ ನಾ ಉತ್ತರಾ ಹೇಳ್ತೀನಿ."

"ನಾಕೂ ವಾರಾನಾ?" ಖಾಲಾ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಬ್ಯಾಡವಾ. ಇಂವಗೇನರ ಆದ್ರ ಹೊರಾಕ ಎಂಟ ಮಂದಿ ಬೇಕ. ಸೋಮವಾರ ಪೂರ್ತಿ ಮಾಡ್ಲಿ, ಉಳದ ವಾರಾ ಒಪ್ಪತ್ತು."

ಅತ್ತೆ ಯೋಚನೆಗೆ ಬಿದ್ದಳು. "ಹಸಗೊಂಡ ಇರತೀಯೇನೋ? ನಿನಗ ಆಗೂದುಲ್ಲ."

"ಇವತ್ತ ಸೋಮವಾರನ ಐತಿ. ನೋಡು ಬೇಕಾದ್ರ."

ದೇವರ ಗೂಡಿನ ಕಡೆ ತಿರುಗಿ ಆಕೆ ಏನೋ ಪಿಸುಗುಟ್ಟಿದಳು. ನನ್ನ ಹೆಸರು ಮಾತ್ರ ಕೇಳಿಸಿತು. ನಾನು ನನ್ನ ಮುಂದಿನ ತಾಟನ್ನು ಆಕೆಯ ಮುಂದಕ್ಕೆ ಸರಿಸಿದೆ. ರೊಟ್ಟಿ ಮುರಿದಳು, ಎಣ್ಣೆಗಾಯಿ ಹಚ್ಚಿದಳು, ರೂಢಿಯಂತೆ ಆ ತುತ್ತನ್ನು ನೇರವಾಗಿ ನನ್ನ ಬಾಯಿಯ ಹತ್ತಿರ ಹಿಡಿದಳು. ನಿನ್ನೆ ರಾತ್ರಿಯಿಂದ ಹಸಿದಿದ್ದೆ. ಆದರೂ ಹುಟ್ಟಿದಾಗಿನಿಂದ ಮೊದಲ ಸಲ ಬಂದ ತುತ್ತಿಗೆ ಬೇಡ ಎಂದೆ.

"ನಂದು ಸೋಮವಾರ ಅತ್ತಿ. ನೀ ಉಣ್ಣು."

ಆಕೆ ನನ್ನನ್ನೇ ನೋಡುತ್ತ ಆ ತುತ್ತನ್ನು ತನ್ನ ಬಾಯಿಗಿಟ್ಟುಕೊಂಡಳು. ನಿಧಾನವಾಗಿ ಅಗಿದಳು. ನನ್ನ ಕಣ್ಣು ತುಂಬಿ ಸುರಿಯತೊಡಗಿತು. "ನೋಡಿಲ್ಲಿ, ಒಂದ ಹೊತ್ತ ಹಸದದ್ದಕ್ಕ ಅಳಾಕತ್ತಾನ!" ಎಂದು ಖಾಲಾ ನಕ್ಕು ತಾನೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಂದು ರೊಟ್ಟಿ ಮುಗಿಯಿತು. ನಾನು ಇನ್ನೊಂದನ್ನು ಹಾಕಲು ಹೋದೆ. ಅತ್ತೆ ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಸಾಕು, ನಿಮಗ ಇರ್ಲಿ" ಎಂದಳು.

"ಬುಟ್ಟಿತುಂಬ ಅದಾವ ಅತ್ತಿ" ಎಂದೆ. "ಕೈ ತಗಿ."