ಅಪಾಯಪ್ಪನವರು ಕಿತ್ತಳೆ ಸುಲಿದದ್ದು

ಅಪಾಯಪ್ಪ ಎಂಬುದು ವಿಮಾ ಕಚೇರಿಯವರು ಇಟ್ಟ ಅಡ್ಡಹೆಸರು. ಯಾರ ಮನೆಗೆ ಬೆಂಕಿ ಬೀಳಬಹುದು, ಯಾರ ಕಾರು ಯಾವ ಕಂಬಕ್ಕೆ ಗುದ್ದಬಹುದು ಎಂದು ದಿನವಿಡೀ ಊಹಿಸುವುದೇ ಅವರ ಉದ್ಯೋಗ. ಮನೆಗೆ ಬಂದರೂ ಆ ಊಹೆ ನಿಲ್ಲಬೇಕಲ್ಲ! ಅದರಲ್ಲೂ ಈಗ ಬಸುರಿ ಮಗಳು ಮನೆಗೆ ಬಂದಿದ್ದಳು. ತಿಂದದ್ದೆಲ್ಲ ವಾಂತಿ. ಹೊಟ್ಟೆಯಲ್ಲಿ ನಿಲ್ಲುತ್ತಿದ್ದುದು ಕಿತ್ತಳೆಯೊಂದೇ.

ಹಾಳಾದ್ದು, ಪತ್ರಿಕೆಯವರ ಕಣ್ಣು ಆ ಕಿತ್ತಳೆಯ ಮೇಲೇ ಬೀಳಬೇಕೆ? ಕಿತ್ತ ಹಣ್ಣಿಗೆ ಬೂಷ್ಟು ಹಿಡಿಯದಿರಲೆಂದು ಔಷಧಿಯಲ್ಲಿ ಅದ್ದಿ, ಮೇಲೆ ಮೇಣ ಸವರಿ ಪೆಟ್ಟಿಗೆಗೆ ತುಂಬುತ್ತಾರಂತೆ.

"ಶಿಲೀಂಧ್ರನಾಶಕ ಕಣೇ!" ಎಂದು ಹೆಂಡತಿಯೆದುರು ನಡುಗಿದರು. "ಮಗು ಇನ್ನೂ ಕಣ್ಣೇ ಬಿಟ್ಟಿಲ್ಲ, ಆಗಲೇ ವಿಷ!"

"ತೊಳೆದು ಕೊಟ್ರಾಯ್ತು ಬಿಡ್ರೀ."

ತೊಳೆದರು. ಉಪ್ಪುನೀರಿನಲ್ಲಿ ನೆನೆಸಿದರು, ಅಡುಗೆ ಸೋಡಾ ಕದಡಿದರು, ಸಾಲದೆಂದು ವಿನೆಗರ್ ಸುರಿದು ಹಲ್ಲುಜ್ಜುವ ಬ್ರಷ್ಷಿನಿಂದ (ಯಾರದೆಂದು ಕೇಳಬೇಡಿ) ತಿಕ್ಕಿದರು. ಮಗಳು ಒಂದು ತೊಳೆ ಬಾಯಿಗಿಟ್ಟವಳೇ ಬಚ್ಚಲಿಗೆ ಓಡಿದಳು.

"ಅಪ್ಪಾ, ಬರೀ ವಿನೆಗರ್ ವಾಸನೆ! ಇನ್ನು ಇದನ್ನೂ ತಿನ್ನೋಕಾಗಲ್ಲ ನನ್ನ ಕೈಲಿ."

ಅಪಾಯಪ್ಪನವರು ಬ್ರಷ್ಷು ಕೆಳಗಿಟ್ಟರು. ಮಗಳ ಹೊಟ್ಟೆಗೆ ಇದ್ದ ಒಂದೇ ಆಸರೆಯನ್ನೂ ತಾವೇ ತಪ್ಪಿಸಿದರಲ್ಲ! ಡಾಕ್ಟರಮ್ಮನಿಗೆ ಫೋನ್ ಮಾಡಿದರು. "ನಲ್ಲಿ ನೀರಲ್ಲಿ ಚೆನ್ನಾಗಿ ಉಜ್ಜಿ ತೊಳೆದು, ಸಿಪ್ಪೆ ಸುಲಿದು ಕೊಡಿ, ಸಾಕು. ಔಷಧಿ ಹೆಚ್ಚಾಗಿ ಸಿಪ್ಪೆಯಲ್ಲೇ ಉಳಿಯುತ್ತೆ" ಎಂದರು ಆಕೆ. ಗಾಬರಿಯಲ್ಲಿದ್ದ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ಎಸೆಯುವ ಸಿಪ್ಪೆಗೆ ಸ್ನಾನವೇಕೆ?

ಮರುದಿನದಿಂದ ಮೂಗಿಗೆ ಕರವಸ್ತ್ರ ಬಿಗಿದು, ರಬ್ಬರ್ ಕೈಗವಸು ತೊಟ್ಟು, ಶಸ್ತ್ರಚಿಕಿತ್ಸೆಗೆ ನಿಂತವರ ಗಾಂಭೀರ್ಯದಿಂದ ಸಿಪ್ಪೆ ಸುಲಿದರು. ಆಮೇಲೆ ಬೇರೆ ಕೈಗವಸು ಹಾಕಿ ತೊಳೆ ಬಿಡಿಸಿದರು. ಆಮೇಲೆ ಕೈಗವಸುಗಳನ್ನು ನಲ್ಲಿಯ ಕೆಳಗೆ ಹಿಡಿದು ಗಂಟೆಗಟ್ಟಲೆ ತೊಳೆದರು. ಮಗಳಿಗೆ ಹಣ್ಣು ದಕ್ಕಿತು. ಅಪ್ಪನಿಗೆ ಮಾತ್ರ ಚಿಂತೆಯಲ್ಲಿ ಊಟ ಸೇರದು. ಹೆಂಡತಿ ಹೊಸದಾಗಿ ಮಾಡಿದ ಜಾಮ್ ಸವರಿದ ಬ್ರೆಡ್ಡು ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಜಾಮ್ ಬಾಟಲಿಯ ತಳ ಕೆರೆದು ಬಾಯಿಗಿಟ್ಟುಕೊಂಡರು. "ಏನು ಘಮ ಕಣೇ! ಅವಳಿಗೂ ಒಂದು ಚಮಚ ಕೊಡಬಾರದಾ?"

"ಅವಳಿಗೆ ಆ ಕಹಿ ಸೇರಲ್ಲ. ನಿಮಗೋಸ್ಕರಾನೇ ಮಾಡಿದ್ದು. ಅಷ್ಟು ನಾಜೂಕಾಗಿ ಸುಲಿದಿಟ್ಟಿದ್ರಿ, ಸಿಪ್ಪೆ ಎಸೆಯೋಕೆ ಮನಸ್ಸೇ ಬರಲಿಲ್ಲ."

ಅಪಾಯಪ್ಪನವರ ದವಡೆ ನಿಂತಿತು. "ಸಿಪ್ಪೆ... ತೊಳೆದೆಯಾ?"

"ನಾನ್ಯಾಕೆ ತೊಳೀಲಿ? ದಿನಾ ನಲ್ಲಿ ಮುಂದೆ ನೀವು ಮಾಡ್ತಿದ್ದದ್ದು ಮತ್ತೇನು?"

ಬಾಯಲ್ಲಿ ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು. ಎದುರಿಗೆ ಮಗಳು, ಮನೆಗೆ ಬಂದಮೇಲೆ ಮೊದಲ ಸಲ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತಿಂದ ಕಿತ್ತಳೆಯೂ ಒಳಗೇ ಇತ್ತು. ಅಪಾಯಪ್ಪನವರು ಕಣ್ಣು ಮುಚ್ಚಿ ನುಂಗಿದರು.

"ನಾಳೆ ತೊಳೆದೇ ಸುಲೀತೀನಿ" ಎಂದರು ಮೆಲ್ಲಗೆ. "ಜಾಮಿಗೆ ಸಕ್ಕರೆ ಮಾತ್ರ ಇಷ್ಟೇ ಹಾಕು."