ಅಳಿಯಂದಿರು ಮಗುಚಿದ್ದು

ಹೆಂಡತಿ ಹಾಕಿದ ಷರತ್ತು ಒಂದೇ. ಸಮುದ್ರಕ್ಕೆ ಹೋಗುವುದಾದರೆ ಹೋಗಲಿ, ಆದರೆ ಅದಕ್ಕೂ ಮುಂಚೆ ದಡದ ಹತ್ತಿರ ಅವಳ ಕಣ್ಣೆದುರಿಗೇ ದೋಣಿ ಮಗುಚಬೇಕು, ಯಾರ ಕೈಯನ್ನೂ ಹಿಡಿಯದೆ ಮತ್ತೆ ಹತ್ತಿ ಕೂರಬೇಕು. ಆಗದಿದ್ದರೆ ದೋಣಿ ಚೀಲ ಸೇರಿ, ಚೀಲ ಅಟ್ಟ ಸೇರತಕ್ಕದ್ದು.

ಚೀಲ ಸೇರುವ ದೋಣಿಯೇ ಅದು. ಕೊಳವೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಮೇಲೆ ದಪ್ಪ ಬಟ್ಟೆಯ ಹೊದಿಕೆ ಎಳೆದರೆ ಇಬ್ಬರು ಕೂರುವ ಕಯಾಕ್. ಬಿಚ್ಚಿದರೆ ಹಾಸಿಗೆ ಸುರುಳಿಯಷ್ಟು ಗಂಟು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವ ನಮ್ಮ ಗುಮಾಸ್ತ ಅದನ್ನು ಕೊಂಡದ್ದು ಸಾಹಸಕ್ಕಲ್ಲ. ವಾರವೆಲ್ಲ ಕಿಟಕಿಯಲ್ಲಿ ಜನರ ಬಾಯಿ, ಮನೆಗೆ ಬಂದರೆ ಮಾವನ ಬಾಯಿ. ಅಂಚೆ ಇಲಾಖೆಯಿಂದ ನಿವೃತ್ತರಾದ ಮಾವ ಸರ್ವಿಸಿನ ಕತೆ ತೆಗೆದರೆಂದರೆ ಕೇಳುವವನ ಕೈ ತಟ್ಟೆಯಲ್ಲೇ ಒಣಗಬೇಕು. ಭಾನುವಾರ ಒಂದು ಹೊತ್ತು ಮನುಷ್ಯರ ಮಾತು ಕಿವಿಗೆ ಬೀಳದ ಕಡೆ ಸುಮ್ಮನೆ ತೇಲಬೇಕು, ಅಷ್ಟೇ ಪಾಪದವನ ಆಸೆ.

ಆ ಬೆಳಿಗ್ಗೆ ದಡಕ್ಕೆ ಹೆಂಡತಿಯ ಜೊತೆ ಮಾವನೂ ಬಂದರು. ಕರೆಯದಿದ್ದರೂ ಪಕ್ಕದ ಮನೆಯ ಔಷಧಿ ಅಂಗಡಿಯವನೂ ಬಂದ. ಬಂದವನು ಸುಮ್ಮನಿರಲಾರದೆ ಪಂಪು ಕಸಿದುಕೊಂಡು, ದೋಣಿಯ ಎರಡೂ ಪಕ್ಕೆಯಲ್ಲಿದ್ದ ಗಾಳಿಚೀಲಗಳನ್ನು ಬಿರಿಯುವಷ್ಟು ಊದಿಸಿಬಿಟ್ಟ. ಪರಿಣಾಮ, ದೋಣಿ ಮಗುಚಲೇ ಇಲ್ಲ. ಗುಮಾಸ್ತ ಎಡಕ್ಕೆ ವಾಲಿದ, ಬಲಕ್ಕೆ ವಾಲಿದ, ಅರ್ಧ ಮೈ ಹೊರಗೆ ಹಾಕಿ ನೇತಾಡಿದ. ದೋಣಿ ಕೆರೆಗಿಳಿದ ಎಮ್ಮೆಯ ಹಾಗೆ ಹಾಯಾಗಿತ್ತು.

"ನೀವು ಮಗುಚ್ತೀರೋ, ನಾನು ಮನೆಗೆ ಹೋಗ್ಲೋ?" ಎಂದಳು ಹೆಂಡತಿ.

ಮಗುಚದ ದೋಣಿ ಇನ್ನೂ ಒಳ್ಳೆಯದಲ್ಲವೇ ಎಂದು ಅವನು ವಾದಿಸಿದ. ಷರತ್ತು ಷರತ್ತೇ ಎಂದಳು. ಗಾಳಿ ಇಳಿಸಿ ಮತ್ತೆ ಹೋದ. ಈ ಸಲ ಚೆನ್ನಾಗಿಯೇ ಮಗುಚಿತು, ಆದರೆ ಅವನು ತಲೆ ಎತ್ತುವಷ್ಟರಲ್ಲಿ ಔಷಧಿ ಅಂಗಡಿಯವನು ಉಟ್ಟ ಬಟ್ಟೆಯಲ್ಲೇ ಹಾರಿ, ಜುಟ್ಟು ಹಿಡಿದು ದಡಕ್ಕೆ ಎಳೆದು ತಂದಿದ್ದ. ಇದು ಲೆಕ್ಕಕ್ಕಿಲ್ಲ ಎಂದು ತೀರ್ಪಾಯಿತು. ಗುಮಾಸ್ತನಿಗೆ ಸಿಟ್ಟೂ ಬಂತು, ಅಳುವೂ ಬಂತು. ಉಪಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ ಹೆಂಡತಿ, ಇದೇ ಕೊನೆಯ ಸಲ ಎಂದಳು.

ಮೂರನೆಯ ಸಲ ನೀರಿಗೆ ಬಿದ್ದವನು ಹುಟ್ಟನ್ನು ಮಾತ್ರ ಬಿಡಲಿಲ್ಲ. ದೋಣಿಯನ್ನು ನೆಟ್ಟಗೆ ಮಾಡಿದ. ಸೀಟಿಗೆ ಕಟ್ಟಿಟ್ಟಿದ್ದ ಸಣ್ಣ ಗಾಳಿಚೀಲವೊಂದನ್ನು ಬಿಚ್ಚಿ ಹುಟ್ಟಿನ ತುದಿಗೆ ತೊಡಿಸಿ, ಕೆನ್ನೆ ನೋಯುವಷ್ಟು ಊದಿ, ಹುಟ್ಟನ್ನು ಸೀಟಿನ ಹಿಂದೆ ಅಡ್ಡ ಇಟ್ಟ. ಊದಿದ ಚೀಲ ಆಚೆ ನೀರಿನ ಮೇಲೆ ಆಸರೆಯಾಗಿ ನಿಂತಿತು. ಕಾಲು ಬಡಿದು, ಹೊಟ್ಟೆಯ ಮೇಲೆ ತೆವಳಿ, ಕಾಲು ಒಳಗಿಟ್ಟು, ಮೆಲ್ಲಗೆ ಹೊರಳಿ ಕೂತೇಬಿಟ್ಟ. ಅಷ್ಟು ಹೊತ್ತೂ ಮಾವ ತುಟಿ ಪಿಟಕ್ಕೆನ್ನದೆ ನೋಡುತ್ತಿದ್ದರು. ಆ ಮೌನದಲ್ಲಿ ಗುಮಾಸ್ತ ತನ್ನ ಮುಂದಿನ ಭಾನುವಾರಗಳನ್ನೆಲ್ಲ ಕಂಡು ಹಿಗ್ಗಿದ.

ದೋಣಿಯೊಳಗಿನ ನೀರು ಚೆಲ್ಲಿ ದಡಕ್ಕೆ ಬಂದಾಗ ಹೆಂಡತಿಯ ಕಣ್ಣು ಒದ್ದೆಯಾಗಿತ್ತು.

"ಇನ್ನು ನಂಗೆ ಹೆದರಿಕೆ ಇಲ್ಲ," ಎಂದಳು.

"ನಂಗೆ ಈಜು ಬರುತ್ತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತಲ್ಲ?"

"ನಿಮ್ಮ ಬಗ್ಗೆ ಯಾರು ಹೆದರಿದ್ರು? ಅಪ್ಪ ನಿಮ್ಮ ಜೊತೆ ಬರ್ತೀನಿ ಅಂತ ತಿಂಗಳಿಂದ ಹಟ ಹಿಡಿದಿದ್ರು. ದೋಣಿ ಮಗುಚಿದ್ರೂ ನೀವು ಸಂಭಾಳಿಸ್ತೀರಾ ಅಂತ ನೋಡದೆ ಹೇಗೆ ಕಳಿಸ್ಲಿ?"

ಗುಮಾಸ್ತ ತಿರುಗಿ ನೋಡಿದ. ಮಾವ ತೇಲುವ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದುಕೊಂಡು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದರು.

"ಬನ್ನಿ ಅಳಿಯಂದಿರೇ," ಎಂದರು ಕತ್ತು ಹಿಂದಕ್ಕೆ ಹೊರಳಿಸಿ. "ಕೆಲಸಕ್ಕೆ ಸೇರಿದ ದಿನದಿಂದ ಶುರು ಮಾಡ್ತೀನಿ. ಮನೇಲಾದ್ರೆ ಯಾರಾದ್ರೂ ಮಧ್ಯೆ ಬಾಯಿ ಹಾಕ್ತಾರೆ. ಇಲ್ಲಿ ನಿಧಾನವಾಗಿ ಹೇಳ್ಬಹುದು."