ಮಣ್ಣು ಕೇಳಿಕೊಂಡು ಹೋದಾಗ

ಕೇಳದೆಯೇ ಕಾಫಿ ಕೊಡುವ ಸಕಲೇಶಪುರ, ಆಲೂರಿನ ಕಡೆ ಒಂದು ಹಿಡಿ ಮಣ್ಣು ಕೇಳಿ ನೋಡಿ, ಏನಾದರೊಂದು ಆಗಿಯೇ ತೀರುತ್ತದೆ. ಮಣ್ಣು ಕೇಳುವುದೇ ನನ್ನ ಉದ್ಯೋಗ, ಹಾಗಾಗಿ ನನಗೆ ಇಂಥವು ತಪ್ಪಿದ್ದಲ್ಲ. ಹವಾಮಾನ ಹೀಗೆ ಕೆಡುತ್ತಿರುವಾಗ ಯಾವ ಜಮೀನಿನ ಮಣ್ಣು ಎಷ್ಟು ಇಂಗಾಲ ಹಿಡಿದಿಟ್ಟುಕೊಳ್ಳುತ್ತದೆ ಎಂದು ತಿಳಿಯುವ ಸಂಶೋಧನೆ ನಮ್ಮದು. ಕೆಲವು ತೋಟಗಳಲ್ಲಿ ನಾಲ್ಕು ಗೂಟ ನೆಟ್ಟು, ಅದರೊಳಗಿನ ಮಣ್ಣನ್ನು ವರ್ಷಕ್ಕೊಮ್ಮೆ ತೆಗೆದು ಪ್ರಯೋಗಾಲಯಕ್ಕೆ ಕೊಡುತ್ತೇನೆ. ಗೂಟದೊಳಗೆ ಯಾರೂ ಅಗೆಯಬಾರದು, ಗೊಬ್ಬರ ಹಾಕಬಾರದು. ಹಾಕಿದರೆ ಅಷ್ಟೂ ವರ್ಷದ ಕೆಲಸ ನೀರುಪಾಲು, ಜೊತೆಗೆ ಗುತ್ತಿಗೆ ಮೇಲಿರುವ ನನ್ನ ನೌಕರಿಯೂ.

ವಾರ ಪಾಲನೆ

ಮಗ್ಗೆಯಲ್ಲಿ ಒಬ್ಬ ಅಜ್ಜಿಯ ಹೊಲ. ಮಣ್ಣು ತೆಗೆಯುವ ಕೊಳವೆಯನ್ನು ನೆಲಕ್ಕೆ ಊರಿದ್ದೆ ಅಷ್ಟೆ, ಅಜ್ಜಿ ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು.

"ಏಳವ್ವ ಮೇಲೆ! ಶುಕ್ರವಾರ ಲಕ್ಷ್ಮೀನ ಹೊರಗೆ ಕಳಿಸ್ತಾರಾ?"

"ಇದು ಬರೀ ಮಣ್ಣು ಅಜ್ಜಿ."

"ನಮ್ಗೆ ಅದೇ ಕಣವ್ವ ಲಕ್ಷ್ಮಿ."

ಸರಿ, ನಾಳೆ ಬರುತ್ತೇನೆ ಎಂದೆ. ಶನಿವಾರ ನೆಲಕ್ಕೆ ಕಬ್ಬಿಣ ತಾಗಿಸಬಾರದಂತೆ. ಸೋಮವಾರ? ಅವತ್ತು ಎತ್ತಿಗೂ ಬಿಡುವು, ನೆಲಕ್ಕೂ ಬಿಡುವು. ಮಂಗಳವಾರದ ಹೆಸರೆತ್ತುವ ಹಾಗೇ ಇಲ್ಲ. ಬುಧವಾರ, ಗುರುವಾರ ನನಗೇ ಬೇರೆ ಊರಿನ ಕೆಲಸ.

"ಭಾನುವಾರ ಬಾರವ್ವ, ಯಾವ ಅಡ್ಡೀನೂ ಇಲ್ಲ."

"ಭಾನುವಾರ ನಾನು ಕೆಲಸ ಮುಟ್ಟಲ್ಲ ಅಜ್ಜಿ."

ಅಜ್ಜಿಯ ಮುಖ ಅರಳಿತು. "ನೋಡು, ಅಷ್ಟು ಓದಿದ್ರೂ ನೀನೂ ವಾರ ಪಾಲಿಸ್ತೀಯಲ್ಲ!"

ಮುಕ್ಕಾಲು ಇಂಚು

ಕಾಫಿ ಹೂವಿನ ಕಾಲದಲ್ಲಿ ಒಂದು ಮಳೆ ಬಿತ್ತೆಂದರೆ ಬೆಳೆಗಾರರೆಲ್ಲ ಬೆಳಿಗ್ಗೆಯೇ ಫೋನ್ ಹಿಡಿದು "ನಿಮಗೆಷ್ಟಾಯ್ತು, ನಮಗಿಷ್ಟಾಯ್ತು" ಎಂದು ಶುರು ಮಾಡುತ್ತಾರೆ. ಮಾರನಹಳ್ಳಿಯ ಒಂದು ಎಸ್ಟೇಟಿನಲ್ಲಿ ನಾವು ಮಳೆ ಅಳೆಯುವ ಯಂತ್ರ ಇಟ್ಟಿದ್ದೆವು. ಅಲ್ಲಿನ ಮಾಲೀಕರಿಂದ ಫೋನ್ ಬಂತು.

"ಮೇಡಂ, ನಿಮ್ಮ ಮಿಷನ್ ಕೆಟ್ಟೋಗೈತೆ. ಮುಕ್ಕಾಲು ಇಂಚು ತೋರಿಸ್ತಾ ಐತೆ."

"ಸರಿಯಾಗೇ ಇರಬಹುದಲ್ಲ?"

"ಸರಿ ಹೆಂಗಾಯ್ತದೆ ಮಾರಾಯ್ರೇ? ಬೇಲಿ ಆಚೆಯವ್ರು ಒಂದೂಕಾಲು ಇಂಚು ಅಂತ ಹೇಳ್ಕಂಡು ತಿರುಗ್ತಾವ್ರೆ!"

ಹೋಗಿ ನೋಡಿದೆ. ಯಂತ್ರ ಸರಿಯಾಗಿಯೇ ಇತ್ತು. ಬೇಲಿಯಾಚೆಯವರು ಅಳತೆಯ ಡಬ್ಬವನ್ನು ಹೆಂಚಿನ ಸೂರಿನ ಕೆಳಗೆ ಇಟ್ಟಿದ್ದರು, ಮಾಡಿನ ನೀರೆಲ್ಲ ಅದಕ್ಕೇ ಬೀಳುತ್ತಿತ್ತು. ಮಾಲೀಕರಿಗೆ ಇದನ್ನು ಬಿಡಿಸಿ ಹೇಳಿ, ಸಮಾಧಾನವಾಯಿತೆಂದುಕೊಂಡು ವಾಪಸ್ ಬಂದೆ. ಮುಂದಿನ ಮಳೆಗೆ ಮತ್ತೆ ಫೋನ್.

"ಮೇಡಂ, ಮಿಷನ್‌ನ ಕಿತ್ತು ಸೂರಿನ ಕೆಳಗೆ ಇಟ್ಬುಟ್ಟೆ. ಈಗ ಕರೆಕ್ಟಾಗಿ ತೋರಿಸ್ತಾ ಐತೆ."

ಸಾಹೇಬರ ಭೇಟಿ

ನಮ್ಮ ಮುಖ್ಯ ಗೂಟಗಳು ಹೆಗ್ಗದ್ದೆಯ ಒಬ್ಬ ಹಿರಿಯ ಬೆಳೆಗಾರರ ತೋಟದಲ್ಲಿದ್ದವು. ಎರಡು ವರ್ಷ ಅಲ್ಲಿಂದ ಮಣ್ಣು ತೆಗೆದಾಗಿತ್ತು, ಈ ವರ್ಷದ್ದು ಕೊನೆಯದು. "ಈ ಸಲ ನಮ್ಮ ಸಾಹೇಬರೂ ಬರ್ತಾರೆ. ರಿಸಲ್ಟ್ ಸರಿಯಾಗಿ ಬಂದರೇನೇ ನನ್ನ ಕೆಲಸ ಮುಂದುವರಿಯೋದು" ಎಂದು ಫೋನಿನಲ್ಲಿ ಹೇಳಿದ್ದೆ. "ಅದು ನಂಗೆ ಬುಡಿ ಮೇಡಂ" ಎಂದರು. ಆ ಮಾತಿಗೇ ನಾನು ಹೆದರಬೇಕಿತ್ತು.

ಸಾಹೇಬರನ್ನು ಕರೆದುಕೊಂಡು ಬೆಳೆಗಾರರ ಹಿಂದೆಯೇ ತೋಟಕ್ಕಿಳಿದೆ; ವರ್ಷಕ್ಕೊಮ್ಮೆ ಬರುವ ನನಗೆ ಕಾಫಿ ಸಾಲುಗಳೆಲ್ಲ ಒಂದೇ ಥರ. ಗೂಟಗಳಿಗೆ ಹೊಸದಾಗಿ ಸುಣ್ಣ ಬಳಿದಿದೆ. ಒಳಗೆ ಒಂದು ತರಗೆಲೆ ಇಲ್ಲ. ಕಪ್ಪನೆಯ ಕೊಟ್ಟಿಗೆ ಗೊಬ್ಬರ ಮೆತ್ತನೆ ಹಾಸಿದೆ. ಮೂಲೆಯಲ್ಲಿ ಮನೆಯಾಕೆ ಚಿಕ್ಕದೊಂದು ರಂಗೋಲಿಯನ್ನೂ ಬಿಟ್ಟಿದ್ದಾರೆ! ಸಾಹೇಬರು ರಂಗೋಲಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನಗೆ ಅಳುವೇ ಬಂತು.

"ಗೊಬ್ಬರ ಹಾಕಬೇಡಿ ಅಂತ ಎಷ್ಟು ಸಲ ಹೇಳಿದ್ದೆ! ನನ್ನ ಕೆಲಸ ಹೋಯ್ತಲ್ಲ!"

ಬೆಳೆಗಾರರು ಗಾಬರಿಯಾದರು. "ಅಯ್ಯೋ, ಅಳ್ಬೇಡಿ ಮೇಡಂ. ನಿಮ್ಮ ಜಾಗಕ್ಕೆ ನಾನು ಕೈಯೇ ಹಚ್ಚಿಲ್ಲ."

"ಮತ್ತೆ ಇದು?"

"ಇದು ನಮ್ಮ ತೋಟದ ಒಳ್ಳೆ ಜಾಗ. ನಿಮ್ಮದು ಆ ಹಲಸಿನ ಮರದತ್ರ ಬಡಕಲಾಗಿ ಬಿದ್ದೈತೆ. ಅದನ್ನ ದೊಡ್ಡೋರಿಗೆ ತೋರ್ಸಕ್ಕಾಯ್ತದಾ? ಅದಕ್ಕೇ ಗೂಟ ಕಿತ್ತು ಇಲ್ಲಿ ನೆಟ್ಟೆ."

ಹಲಸಿನ ಮರದತ್ತ ಓಡಿದೆ. ನಾಲ್ಕು ಗೂಟದ ಕುಳಿಗಳು ಇದ್ದಲ್ಲೇ ಇದ್ದವು. ತರಗೆಲೆಯೂ ಹಾಗೇ ಇತ್ತು. ಹೋದ ಜೀವ ಬಂದಂತಾಗಿ ಕೈಮುಗಿದೆ. ಸಾಹೇಬರು ನಗುತ್ತಲೇ ಕುಳಿತು ಅಲ್ಲಿಂದ ಮಣ್ಣು ತೆಗೆಸಿದರು, "ಬಹಳ ಚೆನ್ನಾಗಿ ಕಾಪಾಡಿದ್ದೀರಿ" ಎಂದು ಬೆಳೆಗಾರರನ್ನು ಹೊಗಳಿದರು. ಅವರ ಮುಖ ಮಾತ್ರ ಸಪ್ಪಗಿತ್ತು. ಇಷ್ಟು ಚೆಂದದ ಮಣ್ಣು ಬಿಟ್ಟು ಆ ಬಡಕಲು ಮಣ್ಣನ್ನು ಹೊಗಳುವ ಸಾಹೇಬರ ತಲೆಯ ಬಗ್ಗೆಯೇ ಅವರಿಗೆ ಅನುಮಾನ ಬಂದಿರಬೇಕು.

ರೊಟ್ಟಿ ಊಟ ಮುಗಿಸಿ ಹೊರಟೆವು. ಜೀಪ್ ಹತ್ತುವಾಗ ಬೆಳೆಗಾರರು ನನ್ನನ್ನು ಪಕ್ಕಕ್ಕೆ ಕರೆದು, ಭಾರದ ಒಂದು ಚೀಲವನ್ನು ನನ್ನ ಸೀಟಿನಡಿಗೆ ತಳ್ಳಿದರು.

"ಏನಿದು?"

"ಆ ಒಳ್ಳೆ ಜಾಗದ ಮಣ್ಣು. ಸಕಲೇಶಪುರದಲ್ಲಿ ಸಾಹೇಬ್ರು ಟೀ ಕುಡಿಯಕ್ಕೆ ಇಳೀತಾರಲ್ಲ, ಆವಾಗ ಒಂದೆರಡು ಹಿಡಿ ಆ ಬಡಕಲು ಮಣ್ಣಿಗೆ ಬೆರ್ಸ್ಬುಡಿ. ಪಾಪ, ನೀವು ಪಾಸಾಗ್ಲಿ!"